ಕೇವಲ 903 ಇನ್ನಿಂಗ್ಸ್ ಎಸೆದ ಬಿಲ್ಲಿ ವ್ಯಾಗ್ನರ್‌ಗೆ ಹಾಲ್ ಆಫ್ ಫೇಮ್ ಗೌರವ ಸಲ್ಲಬೇಕಿತ್ತೇ?

ಶರಾವತಿ_ತೀರ
ಗೆಳೆಯರೇ, 2025ರ ಜುಲೈ 27ರಂದು ಅಮೆರಿಕದ ಕೂಪರ್ಸ್‌ಟೌನ್‌ನಲ್ಲಿ ಪಿಚರ್ (ಚೆಂಡು ಎಸೆಯುವ ಆಟಗಾರ) ಬಿಲ್ಲಿ ವ್ಯಾಗ್ನರ್ ಅವರನ್ನು ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೆ, ಅಂದರೆ ಶ್ರೇಷ್ಠ ಆಟಗಾರರ ಗೌರವಪಟ್ಟಿಗೆ, ಬರಮಾಡಿಕೊಂಡ ದಿನದಿಂದ ಒಂದು ಪ್ರಶ್ನೆ ನನ್ನನ್ನು ಕೊರೆಯುತ್ತಿದೆ. ಅದೇ ವೇದಿಕೆಯಲ್ಲಿ ಗೌರವ ಪಡೆದ ಸಿ.ಸಿ. ಸಬಾಥಿಯಾ 3,500ಕ್ಕೂ ಹೆಚ್ಚು ಇನ್ನಿಂಗ್ಸ್ ಎಸೆದವರು (ಮೂವರು ಔಟಾದರೆ ಪಿಚರ್‌ನ ಲೆಕ್ಕಕ್ಕೆ ಒಂದು ಇನ್ನಿಂಗ್, ಪಂದ್ಯಕ್ಕೆ ಅಂಥ ಒಂಬತ್ತು). ವ್ಯಾಗ್ನರ್ 16 ವರ್ಷಗಳಲ್ಲಿ ಎಸೆದದ್ದು 903 ಇನ್ನಿಂಗ್ಸ್ ಮಾತ್ರ. ಅಲ್ಲಿರುವ ರಿಲೀಫ್ ಪಿಚರ್‌ಗಳಲ್ಲಿ, ಅಂದರೆ ಆರಂಭಿಕ ಪಿಚರ್‌ನ ಬದಲಿಗೆ ನಡುವೆ ಬರುವವರಲ್ಲಿ, ಯಾರೂ ದೊಡ್ಡ ಲೀಗ್‌ಗಳಲ್ಲಿ ಇಷ್ಟು ಕಡಿಮೆ ಎಸೆದು ಒಳಗೆ ಹೋದವರಲ್ಲ. ಪಂದ್ಯದ ಕೊನೆಯ ಒಂದು ಇನ್ನಿಂಗ್‌ಗಾಗಿ ಬಂದು, ಹದಿನೈದು ಇಪ್ಪತ್ತು ಚೆಂಡುಗಳನ್ನು ಬಲವಾಗಿ ಎಸೆದು ಹೋಗುವವನ ಸಾಧನೆಯನ್ನು, ಆರೇಳು ಇನ್ನಿಂಗ್ಸ್ ಹೊತ್ತು ನಿಲ್ಲುವವನ ಸಾಧನೆಯ ಪಕ್ಕದಲ್ಲಿ ಇಡಬಹುದೇ? ನನಗೆ ವ್ಯಾಗ್ನರ್ ಆಟ ಬಹಳ ಇಷ್ಟ. ಇಷ್ಟಪಡುವುದು ಬೇರೆ, ಆ ಪಟ್ಟಿಯಲ್ಲಿ ಸೇರಿಸುವುದು ಬೇರೆ ಎಂದು ಅನ್ನಿಸಿದ್ದರಿಂದಲೇ ಕೇಳುತ್ತಿದ್ದೇನೆ. ನಿಮ್ಮ ಅಭಿಪ್ರಾಯವನ್ನು ಕಾರಣಸಹಿತ ಬರೆಯಿರಿ.

ಅಂಕಿ_ಲೆಕ್ಕಿಗ
ಖಂಡಿತವಾಗಿ ಸಲ್ಲಬೇಕಿತ್ತು, ಅದೂ 10 ವರ್ಷ ಕಾಯಿಸದೆ. ಅವರ ಇ.ಆರ್.ಎ., ಅಂದರೆ 9 ಇನ್ನಿಂಗ್ಸ್‌ಗೆ ಸ್ವಂತ ಹೊಣೆಯಿಂದ ಬಿಟ್ಟುಕೊಟ್ಟ ರನ್ನುಗಳ ಸರಾಸರಿ, 2.31. 1920ರ ನಂತರದ ಆಟಗಾರರಲ್ಲಿ ಕನಿಷ್ಠ 900 ಇನ್ನಿಂಗ್ಸ್ ಎಸೆದವರನ್ನು ಸಾಲಾಗಿ ನಿಲ್ಲಿಸಿದರೆ ಅವರಿಗಿಂತ ಮುಂದೆ ಇರುವುದು 2.21ರ ಮರಿಯಾನೊ ರಿವೆರಾ ಒಬ್ಬರೇ. 422 ಸೇವ್, ಅಂದರೆ ತಂಡದ ಸಣ್ಣ ಮುನ್ನಡೆಯನ್ನು ಕೊನೆಯವರೆಗೆ ಕಾಯ್ದ ಪಂದ್ಯಗಳು; 1,196 ಸ್ಟ್ರೈಕ್‌ಔಟ್, ಅಂದರೆ ಬ್ಯಾಟರ್‌ನನ್ನು ಮೂರು ಸ್ಟ್ರೈಕ್‌ಗಳಿಂದ ಔಟ್ ಮಾಡಿದ್ದು. ಎದುರಾಳಿ ಬ್ಯಾಟರ್‌ಗಳು ಅವರ ವಿರುದ್ಧ ಗಳಿಸಿದ ಹಿಟ್‌ಗಳ (ಚೆಂಡನ್ನು ಹೊಡೆದು ಬೇಸ್ ತಲುಪುವುದು) ಸರಾಸರಿ 0.187. ಎದುರಿಗೆ ಬಂದು ನಿಂತ ಪ್ರತಿ ಮೂವರಲ್ಲಿ ಒಬ್ಬನನ್ನು ಚೆಂಡು ಬ್ಯಾಟಿಗೆ ಸರಿಯಾಗಿ ತಾಗದಂತೆಯೇ ಹಿಂದಕ್ಕೆ ಕಳುಹಿಸಿದವರು ಅವರು.

ಕಡೆಯ_ಸಾಲು
ಅಂಕಿ_ಲೆಕ್ಕಿಗ ಅವರೇ, ನೀವು 900 ಎಂಬ ಗಡಿಯನ್ನು ಇಟ್ಟದ್ದೇ ವ್ಯಾಗ್ನರ್ ಅದರೊಳಗೆ ಬರಲಿ ಎಂದು. ಅದನ್ನು 1,000 ಎಂದು ಇಟ್ಟರೆ ಅವರ ಹೆಸರೇ ಕಾಣಿಸುವುದಿಲ್ಲ.

ಅಂಕಿ_ಲೆಕ್ಕಿಗ
ಆಕ್ಷೇಪ ನ್ಯಾಯವಾದದ್ದು, ಒಪ್ಪುತ್ತೇನೆ. ಆದರೆ ಎದುರಾಳಿಗಳ ಸರಾಸರಿ ಮತ್ತು ಸ್ಟ್ರೈಕ್‌ಔಟ್ ಪ್ರಮಾಣ ಆ ಗಡಿಯನ್ನು ಅವಲಂಬಿಸಿಲ್ಲ. 9 ಇನ್ನಿಂಗ್ಸ್‌ಗೆ 11.9 ಸ್ಟ್ರೈಕ್‌ಔಟ್ ಎಂಬ ಪ್ರಮಾಣ ಹಾಲ್ ಆಫ್ ಫೇಮ್‌ನ ಬೇರೆ ಯಾವ ಪಿಚರ್‌ಗೂ ಇಲ್ಲ.

ಹೂಸ್ಟನ್_ಹಳಬ
1999ರಲ್ಲಿ ನಾನು ಹೂಸ್ಟನ್‌ನಲ್ಲಿ ವಿದ್ಯಾರ್ಥಿಯಾಗಿದ್ದೆ. ಆಸ್ಟ್ರೋಡೋಮ್ ಕ್ರೀಡಾಂಗಣದಲ್ಲಿ ಆಸ್ಟ್ರೋಸ್ ತಂಡ ಆಡಿದ ಕೊನೆಯ ವರ್ಷ ಅದು. ಶಿವಮೊಗ್ಗದಿಂದ ಬಂದ ನನಗೆ ಚೆಂಡಾಟವೆಂದರೆ ಕ್ರಿಕೆಟ್ ಮಾತ್ರವಾಗಿತ್ತು. ಸಹಪಾಠಿಯೊಬ್ಬ ಒತ್ತಾಯ ಮಾಡಿ ಮೇಲಿನ ಅಗ್ಗದ ಸಾಲಿನಲ್ಲಿ ಕೂರಿಸಿದ. ಎಂಟು ಇನ್ನಿಂಗ್ಸ್ ನನಗೆ ಏನೂ ಅರ್ಥವಾಗದೆ ಕಳೆದವು. ಒಂಬತ್ತನೆಯದಕ್ಕೆ ಬುಲ್‌ಪೆನ್ (ಬದಲಿ ಪಿಚರ್‌ಗಳು ಕಾಯುವ ಜಾಗ) ಬಾಗಿಲು ತೆರೆದು ಗಿಡ್ಡ ಮೈಕಟ್ಟಿನ ಎಡಗೈ ಆಟಗಾರನೊಬ್ಬ ಓಡಿಬಂದಾಗ ಇಡೀ ಡೋಮ್ ಎದ್ದು ನಿಂತಿತು. ಅವನು ಎಸೆದ ಮೊದಲ ಚೆಂಡು ಕ್ಯಾಚರ್‌ನ ಕೈಗವಸಿಗೆ ಬಡಿದ ಸದ್ದು ಅಷ್ಟು ಎತ್ತರದಲ್ಲಿ ಕುಳಿತಿದ್ದ ನಮಗೂ ಕೇಳಿಸಿತು. ಚೆಂಡು ಮಾತ್ರ ನನಗೆ ಕಾಣಿಸಲಿಲ್ಲ. ಮೂರು ಬ್ಯಾಟರ್‌ಗಳು, ಕೆಲವೇ ನಿಮಿಷ, ಪಂದ್ಯ ಮುಗಿಯಿತು. ಆ ವರ್ಷ ಅವರು 74 ಮತ್ತು ಮೂರನೆಯ ಎರಡರಷ್ಟು ಇನ್ನಿಂಗ್ಸ್‌ನಲ್ಲಿ 124 ಸ್ಟ್ರೈಕ್‌ಔಟ್ ಪಡೆದರು, ಇ.ಆರ್.ಎ. 1.57, ಸೇವ್ 39. ಅಂದು ಶುರುವಾದ ಬೇಸ್‌ಬಾಲ್ ಹುಚ್ಚು ಇನ್ನೂ ಬಿಟ್ಟಿಲ್ಲ.

ಶರಾವತಿ_ತೀರ ಅವರ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಆ ಒಂದು ಇನ್ನಿಂಗ್ ಉಳಿದ ಎಂಟರಂತೆ ಇರುವುದಿಲ್ಲ. ಒಂದು ರನ್ ಮುನ್ನಡೆ ಇರುವಾಗ ಒಂಬತ್ತನೆಯ ಇನ್ನಿಂಗ್‌ನಲ್ಲಿ ಮಾಡಿದ ತಪ್ಪನ್ನು ತಿದ್ದಿಕೊಳ್ಳಲು ತಂಡಕ್ಕೆ ಸಮಯವೇ ಉಳಿದಿರುವುದಿಲ್ಲ.

ಮಲೆನಾಡ_ಮಳೆ
ಅವರು ಹುಟ್ಟಿನಿಂದ ಬಲಗೈಯವರು ಎಂದು ಎಲ್ಲೋ ಓದಿದ ನೆನಪು. ಅದು ನಿಜವೇ?

ಹೂಸ್ಟನ್_ಹಳಬ
ನಿಜ. ನೈಋತ್ಯ ವರ್ಜೀನಿಯಾದ ಗುಡ್ಡಗಾಡಿನ ಬಡ ಕುಟುಂಬದ ಹುಡುಗ ಅವರು. ತಂದೆತಾಯಿ ಬೇರೆಯಾದ ಮೇಲೆ ಬಂಧುಗಳ ಮನೆಯಿಂದ ಮನೆಗೆ ಹೋಗಿ ಬೆಳೆದವರು. ಬಾಲ್ಯದಲ್ಲಿ ಆಡುತ್ತಾ ಬಿದ್ದು ಬಲಗೈ ಮುರಿಯಿತು. ಪಟ್ಟಿ ಬಿಚ್ಚಿ ಹೆಚ್ಚು ದಿನ ಆಗುವ ಮೊದಲೇ ಅದೇ ಕೈ ಮತ್ತೊಮ್ಮೆ ಮುರಿಯಿತು. ಸುಮ್ಮನೆ ಕೂರಲಾರದೆ ಗೋಡೆಗೆ ಎಡಗೈಯಿಂದ ಚೆಂಡು ಎಸೆಯುತ್ತಾ ಹೋದರು. ಅದೇ ಕೈ ಗಂಟೆಗೆ 100 ಮೈಲಿ, ಅಂದರೆ ಸುಮಾರು 161 ಕಿ.ಮೀ. ವೇಗ ಮುಟ್ಟಿತು. ಬೇರೆ ಕೆಲಸಗಳಿಗೆ ಅವರು ಬಲಗೈಯನ್ನೇ ಬಳಸುತ್ತಾರೆ.

ಕ್ರೀಸ್_ಬಿಟ್ಟವ
ಅಷ್ಟು ವೇಗಕ್ಕೆ ಎತ್ತರದ ದೇಹ ಬೇಡವೇ? ನಮ್ಮ ಜಾವಗಲ್ ಶ್ರೀನಾಥ್ ಅವರಂಥ ನೀಳ ದೇಹದ ವೇಗಿಗಳನ್ನು ನೋಡಿ ಬೆಳೆದ ನನಗೆ 5 ಅಡಿ 10 ಅಂಗುಲದ ಆಟಗಾರ 161 ಕಿ.ಮೀ. ಎಸೆಯುತ್ತಾನೆ ಎಂದರೆ ನಂಬುವುದು ಕಷ್ಟ.

ಮೊಣಕೈ_ವೈದ್ಯ
ಕ್ರೀಸ್_ಬಿಟ್ಟವ ಅವರೇ, ಎರಡು ಆಟಗಳ ಯಂತ್ರಶಾಸ್ತ್ರವೇ ಬೇರೆ. ಕ್ರಿಕೆಟ್ ಬೌಲರ್ ಓಡಿಬಂದು ಎಸೆಯುತ್ತಾನೆ, ಮೊಣಕೈಯನ್ನು 15 ಡಿಗ್ರಿಗಿಂತ ಹೆಚ್ಚು ನೇರಗೊಳಿಸುವಂತಿಲ್ಲ. ಪಿಚರ್‌ಗೆ ಓಟವಿಲ್ಲ, ಮೌಂಡ್ ಎಂಬ ಎತ್ತರಿಸಿದ ದಿಬ್ಬದ ಮೇಲಿನಿಂದ ಕಾಲನ್ನು ಮುಂದಕ್ಕೆ ಚಾಚಿ, ಸೊಂಟವನ್ನು ತಿರುಗಿಸಿ, ಆಮೇಲೆ ಭುಜ, ಕೊನೆಗೆ ಬಾಗಿದ ಮೊಣಕೈಯನ್ನು ಚಾವಟಿಯಂತೆ ಬೀಸಬೇಕು. ಆದ್ದರಿಂದ ಎತ್ತರಕ್ಕಿಂತ ಹೆಚ್ಚಾಗಿ ತೊಡೆ ಮತ್ತು ಸೊಂಟದ ಬಲ ಸರಿಯಾದ ಕ್ಷಣದಲ್ಲಿ ಕೈಗೆ ಹರಿದು ಬರುವುದು ಮುಖ್ಯ. ವ್ಯಾಗ್ನರ್ ಅವರ ಹಳೆಯ ದೃಶ್ಯಗಳನ್ನು ನಿಧಾನಗತಿಯಲ್ಲಿ ನೋಡಿದರೆ ಅವರು ಇಡೀ ದೇಹವನ್ನು ಚೆಂಡಿನ ಹಿಂದೆ ಎಸೆಯುತ್ತಿದ್ದರೇನೋ ಎನ್ನಿಸುತ್ತದೆ. ಪಿಚರ್‌ಗೂ ಬ್ಯಾಟರ್‌ಗೂ ಇರುವ ದೂರ 60 ಅಡಿ 6 ಅಂಗುಲ. ಆ ವೇಗದ ಚೆಂಡು ತಲುಪಲು ಸುಮಾರು 0.4 ಸೆಕೆಂಡು ಸಾಕು. ನೋಡಿ, ನಿರ್ಧರಿಸಿ, ಬ್ಯಾಟು ಬೀಸುವುದು ಎಲ್ಲವೂ ಅಷ್ಟರಲ್ಲೇ ಆಗಬೇಕು.

ಇದರ ಬೆಲೆಯನ್ನು ತೆರುವುದು ಮೊಣಕೈಯ ಒಳಬದಿಯ ಅಸ್ಥಿರಜ್ಜು. ಅದು ಹರಿದರೆ ದೇಹದ ಬೇರೆ ಭಾಗದ ಸ್ನಾಯುರಜ್ಜುವನ್ನು ತಂದು ಕಸಿ ಮಾಡಬೇಕಾಗುತ್ತದೆ. 1974ರಲ್ಲಿ ಡಾ. ಫ್ರಾಂಕ್ ಜೋಬ್ ಇದನ್ನು ಮೊದಲು ಮಾಡಿದ್ದು ಟಾಮಿ ಜಾನ್ ಎಂಬ ಪಿಚರ್‌ಗೆ. ಶಸ್ತ್ರಚಿಕಿತ್ಸೆಗೆ ಆ ಹೆಸರೇ ಉಳಿಯಿತು. ವ್ಯಾಗ್ನರ್ ಅವರಿಗೆ ಇದು 2008ರ ಸೆಪ್ಟೆಂಬರ್‌ನಲ್ಲಿ, 37ನೆಯ ವಯಸ್ಸಿನಲ್ಲಿ ಆಯಿತು. ಆ ವಯಸ್ಸಿನಲ್ಲಿ ಅನೇಕರು ಅಲ್ಲಿಗೇ ಆಟ ಬಿಡುತ್ತಾರೆ.

ಅಂಕಿ_ಲೆಕ್ಕಿಗ
ಅವರು ಬಿಡಲಿಲ್ಲ. 2009ರ ಆಗಸ್ಟ್‌ನಲ್ಲಿ ಮರಳಿದರು, 2010ರಲ್ಲಿ ಅಟ್ಲಾಂಟಾ ಬ್ರೇವ್ಸ್ ಪರ 37 ಸೇವ್, 1.43 ಇ.ಆರ್.ಎ., 69 ಚಿಲ್ಲರೆ ಇನ್ನಿಂಗ್ಸ್‌ನಲ್ಲಿ 104 ಸ್ಟ್ರೈಕ್‌ಔಟ್. ವೃತ್ತಿಜೀವನದ ಕೊನೆಯ ವರ್ಷ ಇಷ್ಟು ಚೆನ್ನಾಗಿ ಎಸೆದು ಹೊರಟವರು ಬಹಳ ಕಡಿಮೆ.

ಕಡೆಯ_ಸಾಲು
ಎಲ್ಲರೂ ಹೊಗಳಿಕೆಯಲ್ಲೇ ಇದ್ದೀರಿ, ಆದ್ದರಿಂದ ಇನ್ನೊಂದು ಬದಿಯನ್ನು ನಾನು ಹೇಳಲೇಬೇಕು. ಪೋಸ್ಟ್‌ಸೀಸನ್‌ನಲ್ಲಿ, ಅಂದರೆ ಋತುವಿನ ಕೊನೆಯ ಪ್ರಶಸ್ತಿ ಸುತ್ತಿನ ಪಂದ್ಯಗಳಲ್ಲಿ, ಅವರ ಇ.ಆರ್.ಎ. 10.03. 2006ರ ನ್ಯಾಷನಲ್ ಲೀಗ್ ಅಂತಿಮ ಸರಣಿಯ ಎರಡನೆಯ ಪಂದ್ಯದಲ್ಲಿ ಅವರ ತಂಡವಾದ ನ್ಯೂಯಾರ್ಕ್ ಮೆಟ್ಸ್ ಮತ್ತು ಸೇಂಟ್ ಲೂಯಿಸ್ 6-6ರಲ್ಲಿ ಸಮನಾಗಿದ್ದಾಗ, ಹೋಮ್‌ರನ್‌ಗೆ ಹೆಸರಾಗದ ಸೊ ತಗುಚಿ ವ್ಯಾಗ್ನರ್ ಎಸೆತವನ್ನು ಒಂಬತ್ತನೆಯ ಇನ್ನಿಂಗ್‌ನಲ್ಲಿ ಬೇಲಿ ದಾಟಿಸಿದರು. ಮೆಟ್ಸ್ 9-6ರಿಂದ ಸೋತಿತು. ಅದಕ್ಕೂ ಹಿಂದಿನ ವರ್ಷ, 2005ರ ಸೆಪ್ಟೆಂಬರ್ 7ರಂದು, ವ್ಯಾಗ್ನರ್ ಫಿಲಡೆಲ್ಫಿಯಾ ಪರ ಎಸೆಯುತ್ತಿದ್ದಾಗ ಹೂಸ್ಟನ್‌ನ ಹಳೆಯ ಜೊತೆಗಾರ ಕ್ರೇಗ್ ಬಿಜಿಯೊ ಒಂಬತ್ತನೆಯ ಇನ್ನಿಂಗ್‌ನಲ್ಲಿ ಮೂರು ರನ್ನುಗಳ ಹೋಮ್‌ರನ್ ಹೊಡೆದರು. ಆ ವರ್ಷ ಹೂಸ್ಟನ್ 89 ಪಂದ್ಯ ಗೆದ್ದು ಮುಂದಿನ ಸುತ್ತಿಗೆ ಹೋಯಿತು, ಫಿಲಡೆಲ್ಫಿಯಾ 88 ಗೆದ್ದು ಮನೆಗೆ ಹೋಯಿತು. ಹೂಸ್ಟನ್_ಹಳಬ ಅವರು ಹೇಳಿದ ಆ ತಿದ್ದಿಕೊಳ್ಳಲಾಗದ ಇನ್ನಿಂಗ್‌ನಲ್ಲಿ ನಡೆದದ್ದು ಇದು. ಒತ್ತಡದ ಇನ್ನಿಂಗ್ಸ್‌ಗೆ ಹೆಚ್ಚು ತೂಕ ಕೊಡಿ ಎನ್ನುವವರು ಈ ತೂಕವನ್ನೂ ತಕ್ಕಡಿಗೆ ಹಾಕಬೇಕಲ್ಲವೇ?

ಹೂಸ್ಟನ್_ಹಳಬ
ಹಾಕೋಣ. ಆದರೆ ಪೋಸ್ಟ್‌ಸೀಸನ್‌ನಲ್ಲಿ ಅವರು ಎಸೆದದ್ದು ಒಟ್ಟು 11 ಮತ್ತು ಮೂರನೆಯ ಎರಡರಷ್ಟು ಇನ್ನಿಂಗ್ಸ್. 903ನ್ನು ತೀರಾ ಕಡಿಮೆ ಎನ್ನುವವರು ಹನ್ನೆರಡೂ ತುಂಬದ ಇನ್ನಿಂಗ್ಸ್‌ನಿಂದ ಮನುಷ್ಯನ ಗುಣವನ್ನು ಅಳೆಯುವುದು ಹೇಗೆ?

ಕಡೆಯ_ಸಾಲು
ರಿವೆರಾ ಅಲ್ಲಿಯೇ ಅಳೆಯಿಸಿಕೊಂಡರು ಸರ್. ಪೋಸ್ಟ್‌ಸೀಸನ್‌ನಲ್ಲಿ 140ಕ್ಕೂ ಹೆಚ್ಚು ಇನ್ನಿಂಗ್ಸ್, ಇ.ಆರ್.ಎ. 0.70. ಹಾಲ್ ಆಫ್ ಫೇಮ್‌ಗೆ ಮತ ಹಾಕುವ ಬರಹಗಾರರಲ್ಲಿ ಒಬ್ಬರೂ 2019ರಲ್ಲಿ ಅವರ ಹೆಸರನ್ನು ಬಿಡಲಿಲ್ಲ. ನನ್ನ ದೃಷ್ಟಿಯಲ್ಲಿ ಆ ಮಟ್ಟದ ರಿಲೀಫ್ ಪಿಚರ್‌ಗೆ ಮಾತ್ರ ಆ ಬಾಗಿಲು ತೆರೆಯಬೇಕು.

ತುಂಗೆಯ_ದಡ
ರಿವೆರಾ ಅವರನ್ನೇ ಅಳತೆಗೋಲು ಮಾಡಿದರೆ ಬೇರೆ ಯಾರೂ ಒಳಗೆ ಬರಲಾರರು. ಈಗಾಗಲೇ ಒಳಗಿರುವ ರಿಲೀಫ್ ಪಿಚರ್ ಟ್ರೆವರ್ ಹಾಫ್‌ಮನ್ ಕೂಡ ಬರಲಾರರು.

ಹಳೆಯ_ಸ್ಕೋರ್‌ಬುಕ್
ಇಲ್ಲಿ ಇತಿಹಾಸದ ಒಂದು ಮಾತು ಅಗತ್ಯ ಎನಿಸುತ್ತದೆ. ರಿಲೀಫ್ ಪಿಚರ್‌ನ ಕೆಲಸ ಎಲ್ಲ ಕಾಲದಲ್ಲೂ ಒಂದೇ ಆಗಿರಲಿಲ್ಲ. ಸೇವ್ ಎಂಬ ಲೆಕ್ಕವನ್ನು ರೂಪಿಸಿದವರು ಜೆರೋಮ್ ಹೋಲ್ಟ್ಸ್‌ಮನ್ ಎಂಬ ಪತ್ರಕರ್ತರು. 1969ರಲ್ಲಿ ಅದು ಅಧಿಕೃತವಾಯಿತು. ಗೂಸ್ ಗಾಸೇಜ್ ಅವರನ್ನು ನೋಡಿ. ಅವರೂ ಬ್ಯಾಟರ್‌ಗಳಲ್ಲಿ ಭಯ ಹುಟ್ಟಿಸಿದ ವೇಗಿ. 1975ರಲ್ಲಿ ಅವರು ಬುಲ್‌ಪೆನ್‌ನಿಂದ ಬಂದು 62 ಪಂದ್ಯಗಳಲ್ಲಿ 141 ಇನ್ನಿಂಗ್ಸ್‌ಗೂ ಹೆಚ್ಚು ಎಸೆದರು. ಏಳನೆಯ ಇನ್ನಿಂಗ್‌ನಲ್ಲಿ, ಬೇಸ್‌ಗಳ ಮೇಲೆ ಓಟಗಾರರು ತುಂಬಿರುವಾಗ ಕರೆದರೆ ಬಂದು, ಪಂದ್ಯ ಮುಗಿಯುವ ತನಕ ನಿಲ್ಲುವುದು ಅವರ ಕೆಲಸವಾಗಿತ್ತು. ವ್ಯಾಗ್ನರ್ ಅವರ ಹೊತ್ತಿಗೆ ಆ ಕೆಲಸ ಒಂಬತ್ತನೆಯ ಇನ್ನಿಂಗ್‌ಗೆ, ಅದೂ ತಂಡ ಮುಂದಿರುವಾಗ, ಎಂದು ಕಿರಿದಾಯಿತು. ವ್ಯಾಗ್ನರ್ ಕಡಿಮೆ ಎಸೆದದ್ದಕ್ಕೆ ಅವರ ಸಾಮರ್ಥ್ಯದ ಕೊರತೆ ಕಾರಣವಲ್ಲ. ತಂಡದ ವ್ಯವಸ್ಥಾಪಕರು ಅವರನ್ನು ಹಾಗೆ ಬಳಸಿದರು. ಆ ಕಾಲದ ನಿಯಮದೊಳಗೆ ಅವರು ಎಷ್ಟು ಶ್ರೇಷ್ಠರು ಎಂಬುದನ್ನಷ್ಟೇ ನಾವು ಕೇಳಬಹುದು.

ಇನ್ನೊಂದು ಹೋಲಿಕೆ ಗಮನಿಸಿ. ಜಾನ್ ಫ್ರಾಂಕೊ ಕೂಡ ಎಡಗೈ ಕ್ಲೋಸರ್ (ಪಂದ್ಯ ಮುಗಿಸಲು ಬರುವ ಪಿಚರ್), 424 ಸೇವ್, ಅಂದರೆ ವ್ಯಾಗ್ನರ್‌ಗಿಂತ 2 ಹೆಚ್ಚು. 1,245 ಇನ್ನಿಂಗ್ಸ್ ಎಸೆದರು. ಆದರೂ 2011ರಲ್ಲಿ ಅವರಿಗೆ ಶೇ 4.6 ಮತಗಳು ಬಂದು, ಕನಿಷ್ಠ ಶೇ 5 ದೊರೆಯದೆ ಮೊದಲ ವರ್ಷವೇ ಪಟ್ಟಿಯಿಂದ ಬಿದ್ದುಹೋದರು. ಸೇವ್‌ಗಳ ಎಣಿಕೆಯೇ ಮುಖ್ಯವಾಗಿದ್ದರೆ ಹೀಗಾಗುತ್ತಿರಲಿಲ್ಲ. ಫ್ರಾಂಕೊ ಅವರ ಸ್ಟ್ರೈಕ್‌ಔಟ್ 975. ಅವರಿಗಿಂತ 340ಕ್ಕೂ ಹೆಚ್ಚು ಇನ್ನಿಂಗ್ಸ್ ಕಡಿಮೆ ಎಸೆದ ವ್ಯಾಗ್ನರ್ ಅವರದು 1,196.

ಶರಾವತಿ_ತೀರ
ಫ್ರಾಂಕೊ ಅವರ ವಿಷಯ ನನಗೆ ಗೊತ್ತಿರಲಿಲ್ಲ, ಧನ್ಯವಾದಗಳು. ಆದರೆ ವ್ಯಾಗ್ನರ್ ಅವರಿಗೂ ಮೊದಲ ಮೂರು ವರ್ಷ ಶೇ 10ರ ಆಸುಪಾಸಿನಲ್ಲೇ ಮತ ಬಂದಿತ್ತಲ್ಲ? 2016ರಲ್ಲಿ ಶೇ 10.5 ಇದ್ದದ್ದು 2025ರಲ್ಲಿ ಶೇ 82.5 ಆಯಿತು. ಈ ನಡುವೆ ಅವರು ಒಂದು ಚೆಂಡನ್ನೂ ಎಸೆಯಲಿಲ್ಲ. ಬದಲಾದದ್ದು ಏನು?

ಹಳೆಯ_ಸ್ಕೋರ್‌ಬುಕ್
ನೋಡುವವರ ಕಣ್ಣು ಬದಲಾಯಿತು. ಮತ ಹಾಕುವ ಬರಹಗಾರರಲ್ಲಿ ಹೊಸ ತಲೆಮಾರು ಬಂತು, ಸೇವ್‌ಗಳಿಗಿಂತ ಸ್ಟ್ರೈಕ್‌ಔಟ್ ಪ್ರಮಾಣವನ್ನು ನೋಡುವ ರೂಢಿ ಬೆಳೆಯಿತು. ಮೊದಲ ವರ್ಷಗಳ ಮತಪತ್ರದಲ್ಲಿ ದೊಡ್ಡ ಹೆಸರುಗಳ ಗುಂಪೇ ಇತ್ತು, ಒಬ್ಬ ಮತದಾರ 10 ಹೆಸರುಗಳಿಗಿಂತ ಹೆಚ್ಚು ಬರೆಯುವಂತಿಲ್ಲ ಎಂಬ ನಿಯಮವೂ ಇತ್ತು. 2024ರಲ್ಲಿ ಅವರು ಶೇ 73.8 ಪಡೆದು 5 ಮತಗಳ ಕೊರತೆಯಿಂದ ಆಯ್ಕೆ ತಪ್ಪಿಸಿಕೊಂಡರು. ಉಳಿದದ್ದು ಕೊನೆಯ ಒಂದೇ ಅವಕಾಶ.

ಚೆಂಡು_ಬುಗುರಿ
ನನಗೆ ಅತ್ಯಂತ ಇಷ್ಟವಾದದ್ದು 2003ರ ಜೂನ್ 11ರ ಪಂದ್ಯ. ಯಾಂಕೀ ಸ್ಟೇಡಿಯಂನಲ್ಲಿ ಆಸ್ಟ್ರೋಸ್‌ನ ಆರು ಪಿಚರ್‌ಗಳು ಸೇರಿ ಒಂದೂ ಹಿಟ್ ಕೊಡದೆ ಗೆದ್ದರು. ರಾಯ್ ಓಸ್ವಾಲ್ಟ್ ಎರಡನೆಯ ಇನ್ನಿಂಗ್‌ನಲ್ಲೇ ಗಾಯಗೊಂಡು ಹೊರಟ ಮೇಲೆ ಒಬ್ಬರ ಹಿಂದೆ ಒಬ್ಬರಂತೆ ಬಂದು, ಕೊನೆಗೆ ವ್ಯಾಗ್ನರ್ ಮುಗಿಸಿ ಸೇವ್ ಪಡೆದರು.

ಅಂಕಿ_ಲೆಕ್ಕಿಗ
ಸಣ್ಣ ತಿದ್ದುಪಡಿ: ಅಂದು ಸೇವ್ ಸಿಕ್ಕಿಲ್ಲ. ಪಂದ್ಯ 8-0. ಒಂದು ಇನ್ನಿಂಗ್ ಎಸೆಯುವವನಿಗೆ ಸೇವ್ ಸಿಗಬೇಕಾದರೆ ಮುನ್ನಡೆ ಮೂರು ರನ್ನುಗಳನ್ನು ಮೀರಿರಬಾರದು.

ಚೆಂಡು_ಬುಗುರಿ
ಹೌದು, ನನ್ನ ತಪ್ಪು. ಹಾಗಾದರೆ ಅವರ ಅತ್ಯಂತ ಸ್ಮರಣೀಯ ಇನ್ನಿಂಗ್‌ಗಳಲ್ಲಿ ಒಂದು 422ರ ಲೆಕ್ಕದಲ್ಲೇ ಇಲ್ಲ.

ವೇಗದ_ಹುಚ್ಚ
ವೇಗದ ವಿಷಯ ಬಂದದ್ದರಿಂದ ಹೇಳುತ್ತೇನೆ: ವ್ಯಾಗ್ನರ್ ನಿವೃತ್ತರಾದ ಅದೇ 2010ರ ಸೆಪ್ಟೆಂಬರ್ 24ರಂದು ಸಿನ್ಸಿನಾಟಿಯ ಹೊಸ ರಿಲೀಫ್ ಪಿಚರ್ ಅರೋಲ್ಡಿಸ್ ಚಾಪ್ಮನ್, ಅವರೂ ಎಡಗೈಯವರೇ, ಸ್ಯಾನ್ ಡಿಯಾಗೊದಲ್ಲಿ ಗಂಟೆಗೆ 105.1 ಮೈಲಿ ವೇಗದ ಚೆಂಡು ಎಸೆದರು. ವ್ಯಾಗ್ನರ್ ಅವರನ್ನು ಅತಿವೇಗಿ ಎನ್ನುವುದು ಈಗ ಹಳೆಯ ಮಾತಾಯಿತು.

ಅಂಕಿ_ಲೆಕ್ಕಿಗ
ಅಳತೆಯ ವಿಧಾನ ಬದಲಾದ ಮೇಲೆ ಆ ಎಸೆತವನ್ನು 105.8 ಮೈಲಿ ಎಂದು ಪರಿಷ್ಕರಿಸಿದ್ದಾರೆ. ಸುಮಾರು 170 ಕಿ.ಮೀ. ಅದೇ ಕಾರಣಕ್ಕೆ 1990ರ ದಶಕದ ರೇಡಾರ್ ಗನ್ ಅಂಕಿಗಳನ್ನು ಇಂದಿನ ಕ್ಯಾಮೆರಾ ಅಂಕಿಗಳ ಪಕ್ಕದಲ್ಲಿ ನೇರವಾಗಿ ಇಡಬಾರದು. ಚೆಂಡಿನ ವೇಗವನ್ನು ಎಲ್ಲಿ ಅಳೆಯುತ್ತೀರಿ ಎಂಬುದರ ಮೇಲೆ ಫಲಿತಾಂಶ ಕೆಲವು ಮೈಲಿ ಏರಿಳಿಯುತ್ತದೆ, ಏಕೆಂದರೆ ಕೈಬಿಟ್ಟ ಕ್ಷಣದಿಂದಲೇ ಗಾಳಿ ಅದನ್ನು ತಡೆಯುತ್ತಿರುತ್ತದೆ.

ಮೊಣಕೈ_ವೈದ್ಯ
ವೇಗವೊಂದೇ ಸಾಲದು ಎನ್ನುವುದಕ್ಕೆ ಡೆಟ್ರಾಯಿಟ್‌ನ ಜೋಯಲ್ ಝುಮಾಯಾ ಅವರ ಕಥೆ ಸಾಕ್ಷಿ. 2006ರಲ್ಲಿ 104 ಮೈಲಿ ದಾಟಿದ ಹುಡುಗ. 2007ರಲ್ಲಿ ಬೆರಳಿನ ಸ್ನಾಯುರಜ್ಜು ಹರಿಯಿತು, ಆಮೇಲೆ ಭುಜ, 2010ರ ಜೂನ್‌ನಲ್ಲಿ ಎಸೆಯುತ್ತಿರುವಾಗಲೇ ಮೊಣಕೈ ಮೂಳೆ ಮುರಿದು ಮೌಂಡ್ ಮೇಲೆಯೇ ಕುಸಿದರು. ಆಗ ಅವರಿಗೆ 25 ವರ್ಷ. ಮತ್ತೆ ದೊಡ್ಡ ಲೀಗ್‌ನಲ್ಲಿ ಎಸೆಯಲಿಲ್ಲ. ಆ ದೃಶ್ಯವನ್ನು ಎರಡನೆಯ ಸಲ ನೋಡಲು ನನಗೆ ಮನಸ್ಸಾಗಿಲ್ಲ. ಅದೇ ಬಗೆಯ ಎಸೆತವನ್ನು ಎಸೆದು, 1998ರಲ್ಲಿ ಬ್ಯಾಟಿನಿಂದ ಸಿಡಿದು ಬಂದ ಚೆಂಡು ತಲೆಗೆ ಬಡಿದು ಬಿದ್ದು, 2000ದಲ್ಲಿ ಮೊಣಕೈ ಸ್ನಾಯುರಜ್ಜುವಿಗೆ ಒಂದು ಶಸ್ತ್ರಚಿಕಿತ್ಸೆ, 2008ರಲ್ಲಿ ಇನ್ನೊಂದು ಮಾಡಿಸಿಕೊಂಡೂ 39ನೆಯ ವಯಸ್ಸಿನವರೆಗೆ ಬ್ಯಾಟರ್‌ಗಳನ್ನು ಕಂಗೆಡಿಸಿದ ವ್ಯಾಗ್ನರ್ ಎಸೆದ ಇನ್ನಿಂಗ್ಸ್ ಕಡಿಮೆ ಎಂದು ನಾನು ಹೇಳಲಾರೆ. ಅಂಥ ಕೈಯಿಂದ 903 ಇನ್ನಿಂಗ್ಸ್ ಬಂದದ್ದೇ ಹೆಚ್ಚು.

ಡಲ್ಲಾಸ್_ಅಮ್ಮ
ಮೊಣಕೈ_ವೈದ್ಯ ಅವರೇ, ಓದುತ್ತಾ ಎದೆ ಭಾರವಾಯಿತು. ನನ್ನ 12 ವರ್ಷದ ಮಗನೂ ಎಡಗೈ ಪಿಚರ್. ಕಳೆದ ಬೇಸಿಗೆಯಲ್ಲಿ ಅವನ ತಂಡದ ತರಬೇತುದಾರರು ಶನಿವಾರ ಎಸೆದವನನ್ನು ಭಾನುವಾರವೂ ಎಸೆಯಲು ಕರೆದರು. ಗೆಲ್ಲುತ್ತಿದ್ದ ತಂಡ, ಮಗನಿಗೂ ಉತ್ಸಾಹ, ನಾನು ಬೇಡ ಎನ್ನಲಿಲ್ಲ. ಸೋಮವಾರ ಅವನಿಗೆ ಕೈ ನೇರ ಮಾಡಲಾಗಲಿಲ್ಲ. ಹರಿದಿಲ್ಲ, ಊತ ಮಾತ್ರ ಎಂದು ವೈದ್ಯರು ಹೇಳಿದರು. ಮೂರು ತಿಂಗಳು ಚೆಂಡು ಮುಟ್ಟಿಸಲಿಲ್ಲ. ಇಷ್ಟು ಚಿಕ್ಕವರು ವೇಗದ ಹಿಂದೆ ಹೋಗುವುದು ಸರಿಯೇ?

ಮೊಣಕೈ_ವೈದ್ಯ
ಅಮ್ಮ, ಮಗ ಚೇತರಿಸಿಕೊಂಡದ್ದು ಕೇಳಿ ಸಮಾಧಾನವಾಯಿತು. ಬೆಳೆಯುವ ಮಕ್ಕಳ ಮೊಣಕೈಯಲ್ಲಿ ಮೂಳೆಯ ಬೆಳವಣಿಗೆಯ ಭಾಗ ಇನ್ನೂ ಗಟ್ಟಿಯಾಗಿರುವುದಿಲ್ಲ, ಆದ್ದರಿಂದಲೇ ವಯಸ್ಸಿಗೆ ತಕ್ಕಂತೆ ದಿನಕ್ಕೆ ಇಷ್ಟೇ ಎಸೆತ, ಆಮೇಲೆ ಇಷ್ಟು ದಿನ ವಿಶ್ರಾಂತಿ ಎಂಬ ಮಿತಿಗಳನ್ನು ಅಮೆರಿಕದ ಬಾಲಕರ ಲೀಗ್‌ಗಳು ಇಟ್ಟಿವೆ. ಮಗನ ಎಸೆತಗಳನ್ನು ನೀವೇ ಎಣಿಸಿ ಬರೆದಿಡಿ. ಎರಡು ತಂಡಗಳಲ್ಲಿ ಆಡಿದರೆ ಎರಡನ್ನೂ ಕೂಡಿಸಿ. ನೋವಿದೆ ಎಂದು ಅವನು ಹೇಳಿದ ದಿನ ಆಟ ಬೇಡ.

ಕಡೆಯ_ಸಾಲು
ವ್ಯಾಗ್ನರ್ ಕಾಲೇಜಿನಲ್ಲಿ ಆರಂಭಿಕ ಪಿಚರ್ ಆಗಿದ್ದರಲ್ಲವೇ? ಕೈಗೆ ಅಷ್ಟು ಶಕ್ತಿ ಇದ್ದರೆ ಅದನ್ನೇ ಮುಂದುವರಿಸಬಹುದಿತ್ತು.

ಹೂಸ್ಟನ್_ಹಳಬ
ಆಗಿದ್ದರು. ವರ್ಜೀನಿಯಾದ ಫೆರಮ್ ಎಂಬ ಸಣ್ಣ ಕಾಲೇಜು, ಮೂರನೆಯ ಶ್ರೇಣಿಯ ಸ್ಪರ್ಧೆ. 1992ರಲ್ಲಿ 9 ಇನ್ನಿಂಗ್ಸ್‌ಗೆ 19.1 ಸ್ಟ್ರೈಕ್‌ಔಟ್ ಎಂಬ ದಾಖಲೆ ಬರೆದರು. ಮರುವರ್ಷ ಆಸ್ಟ್ರೋಸ್ ಅವರನ್ನು ಇಡೀ ದೇಶದ ಆಯ್ಕೆಯಲ್ಲಿ 12ನೆಯವರಾಗಿ ಆರಿಸಿಕೊಂಡಿತು. ಕಿರಿಯ ಲೀಗ್‌ಗಳಲ್ಲೂ ಆರಂಭಿಕರಾಗಿಯೇ ಎಸೆದರು. 1996ರಲ್ಲಿ ದೊಡ್ಡ ತಂಡಕ್ಕೆ ಕರೆಸಿ ಬುಲ್‌ಪೆನ್‌ನಲ್ಲಿ ಇಟ್ಟ ಮೇಲೆ ಹಿಂದಿರುಗಿ ನೋಡಲಿಲ್ಲ. ದೊಡ್ಡ ಲೀಗ್‌ನ 853 ಪಂದ್ಯಗಳಲ್ಲಿ ಒಂದನ್ನೂ ಆರಂಭಿಸಲಿಲ್ಲ. ಫಾಸ್ಟ್‌ಬಾಲ್ (ನೇರ ವೇಗದ ಎಸೆತ) ಮತ್ತು ಸ್ಲೈಡರ್ (ಪಕ್ಕಕ್ಕೆ ಸರಿಯುವ ಎಸೆತ) ಎಂಬ ಎರಡೇ ಅಸ್ತ್ರಗಳಿದ್ದವರಿಗೆ ಅದು ಸರಿಯಾದ ಜಾಗವೇ ಆಗಿತ್ತು. ಒಂದೇ ಬ್ಯಾಟರ್‌ನನ್ನು ಪಂದ್ಯದಲ್ಲಿ ಮೂರು ಸಲ ಎದುರಿಸಬೇಕಾದರೆ ಮೂರನೆಯ ಬಗೆಯ ಎಸೆತ ಬೇಕಾಗುತ್ತದೆ.

ಕಡೆಯ_ಸಾಲು
ನನ್ನ ವಾದವೂ ಅದೇ ತಾನೇ? ಮೂರನೆಯ ಎಸೆತ ಕಲಿಯಬೇಕಾಗಿ ಬರದವನನ್ನು ಕಲಿತವರ ಸಾಲಿನಲ್ಲಿ ಕೂರಿಸುತ್ತಿದ್ದೇವೆ. ಅವರ ಶ್ರಮಕ್ಕೆ, ನೋವು ನುಂಗಿದ ಬದುಕಿಗೆ ನನ್ನ ಗೌರವ ಪೂರ್ಣವಾಗಿದೆ. ನನ್ನ ಕೈಯಲ್ಲಿ ಮತಪತ್ರ ಇದ್ದಿದ್ದರೆ ಮಾತ್ರ ನಾನು ಅವರ ಹೆಸರನ್ನು ಬರೆಯುತ್ತಿರಲಿಲ್ಲ.

ತುಂಗೆಯ_ದಡ
ನಾನು ಮೊದಲ ವರ್ಷವೇ ಬರೆಯುತ್ತಿದ್ದೆ. ಎರಡೇ ಎಸೆತ ಬರುತ್ತವೆ ಎಂದು ಗೊತ್ತಿದ್ದೂ ಬ್ಯಾಟರ್‌ಗಳು ಹೊಡೆಯಲಾಗಲಿಲ್ಲ, ಅದೂ 16 ವರ್ಷ.

ಮಲೆನಾಡ_ಮಳೆ
ಫ್ರಾಂಕೊ ಅವರ ಎಡಗೈ ದಾಖಲೆಗೆ 2 ಸೇವ್ ಮಾತ್ರ ಬಾಕಿ ಇದ್ದಾಗ, ಅಷ್ಟು ಚೆನ್ನಾಗಿ ಎಸೆಯುತ್ತಿದ್ದಾಗ, 2011ರಲ್ಲಿ ಇನ್ನೊಂದು ತಿಂಗಳು ಆಡಿ ಮುಗಿಸಬಹುದಿತ್ತಲ್ಲ? ಅದು ನನಗೆ ಅರ್ಥವಾಗುತ್ತಿಲ್ಲ.

ಹೂಸ್ಟನ್_ಹಳಬ
ಇದೇ ಕೊನೆಯ ವರ್ಷ, ಮನೆಯವರೊಂದಿಗೆ ಇರಬೇಕು ಎಂದು 2010ರ ಋತುವಿನ ನಡುವೆ ಇನ್ನೂ ಎಸೆಯುತ್ತಿರುವಾಗಲೇ ಹೇಳಿಬಿಟ್ಟಿದ್ದರು. ಆ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ವಿರುದ್ಧದ ಪೋಸ್ಟ್‌ಸೀಸನ್ ಪಂದ್ಯದಲ್ಲಿ ಪಕ್ಕೆಯ ಸ್ನಾಯು ಹಿಡಿದುಕೊಂಡು ಎರಡೇ ಬ್ಯಾಟರ್‌ಗಳಿಗೆ ಎಸೆದು ಹೊರಬಂದರು; ಅದೇ ಕೊನೆ. ಆದರೂ ಮಾತು ಬದಲಿಸಲಿಲ್ಲ. ವರ್ಜೀನಿಯಾಕ್ಕೆ ಹಿಂದಿರುಗಿ ಮಿಲ್ಲರ್ ಸ್ಕೂಲ್‌ನ ಹುಡುಗರಿಗೆ ತರಬೇತಿ ಕೊಡತೊಡಗಿದರು. ಆ ಹುಡುಗರಲ್ಲಿ ಅವರ ಮಗ ವಿಲ್ ಒಬ್ಬ. 2024ರ ಆಗಸ್ಟ್‌ನಲ್ಲಿ ವಿಲ್ ಟೊರೊಂಟೊ ಪರ ದೊಡ್ಡ ಲೀಗ್‌ನ ಮೊದಲ ಪಂದ್ಯ ಆಡಿ ಮೂರು ಹಿಟ್ ಹೊಡೆದ. ಅವನು ಪಿಚರ್ ಅಲ್ಲ, ಬ್ಯಾಟರ್.

ಶರಾವತಿ_ತೀರ
ಎಲ್ಲರಿಗೂ ಧನ್ಯವಾದಗಳು. ಝುಮಾಯಾ ಮತ್ತು ಫ್ರಾಂಕೊ ಇಬ್ಬರ ಉದಾಹರಣೆಗಳನ್ನು ಓದಿದ ಮೇಲೆ ನನ್ನ ಸಂದೇಹ ಬಹುಮಟ್ಟಿಗೆ ಕರಗಿದೆ. ನನ್ನ ಮತ ಈಗ ವ್ಯಾಗ್ನರ್ ಅವರಿಗೆ. ಆದರೆ ಕಡೆಯ_ಸಾಲು ಅವರು ಹೇಳಿದ ಬಿಜಿಯೊ ಹೋಮ್‌ರನ್‌ನ ದೃಶ್ಯವನ್ನು ಇಂದು ರಾತ್ರಿ ಹುಡುಕಿ ನೋಡುತ್ತೇನೆ.

ಡಲ್ಲಾಸ್_ಅಮ್ಮ
ಮಗನಿಗೆ ಈ ಚರ್ಚೆಯನ್ನು ಓದಿ ಹೇಳಿದೆ. ಎಸೆತಗಳನ್ನು ಎಣಿಸಲು ಒಂದು ಪುಸ್ತಕ ಬೇಕೆಂದು ಅವನೇ ಕೇಳಿದ್ದಾನೆ.